ಹರಿದ ದನಿಯನ್ನು ಆರಿಸಿಕೊಟ್ಟ ಭೋಂಗಾ ಆಪಾ

“ಆಪಾ, ಇದರ ಜೀವಾನೇ ತೆಗದ ಬಿಟ್ಟೀರಲ್ರಿ!”

ಬೆಳಗಿನ ಆರೂವರೆ. ಹುಮನಾಬಾದಿನ ಧಾನ್ಯದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಮಾಲರು ಇನ್ನೂ ಮೊದಲ ಚಹಾ ಮುಗಿಸಿಲ್ಲ. ತಗಡಿನ ಬಾಗಿಲಿನ ಒಂದು ಪುಟ್ಟ ಅಂಗಡಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಕೂತು ಹಳೆಯ ಸ್ಪೀಕರೊಂದರ ಕಾಗದದ ಕೋನಿಗೆ ಅಂಟು ಸವರುತ್ತಿದ್ದ ಐವತ್ತೆರಡರ ತಾಹೇರಾ ಬೇಗಂ, ಕೈ ಅಲ್ಲೇ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡುತ್ತಾರೆ. ಬಾಗಿಲಲ್ಲಿ ನಿಂತವಳು ಸಾಕ್ಷಿ. ಬಸವಕಲ್ಯಾಣದ ಹುಡುಗಿ, ವಯಸ್ಸು ಇಪ್ಪತ್ಮೂರು. ಇಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ಬಂದಿದ್ದಾಳೆ. ಕೈಯಲ್ಲಿ ಅಂಗೈ ಅಗಲದ ಒಂದು ಕಬ್ಬಿಣದ ಡಬ್ಬಿ.

“ಯಾಕ ಬೇಟಾ? ನಿನ್ನೆ ಒಯ್ಯುವಾಗ ಎಷ್ಟು ಸಾಫ್ ಇತ್ತು ಆವಾಜ್!”

“ಸಾಫ್ ಅದ ಅಂತಾನೇ ಅಳಾಕತ್ತೇನ್ರಿ!”

ತಾಹೇರಾ ಅವರಿಗೆ ಏನೂ ತಿಳಿಯುವುದಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ದನಿ ಸಾಫಾಯಿತೆಂದು ಅತ್ತವರನ್ನು ಅವರು ಕಂಡಿಲ್ಲ.

ಊರಿನವರಿಗೆ ಇವರು ಭೋಂಗಾ ಆಪಾ. ಆಪಾ ಅಂದರೆ ಅಕ್ಕ, ಭೋಂಗಾ ಅಂದರೆ ಕಂಬದ ಮೇಲೆ ಕಟ್ಟುವ ಧ್ವನಿವರ್ಧಕದ ತುತ್ತೂರಿ. ಮಸೀದಿಯದು, ಗುಡಿಯದು, ತರಕಾರಿ ಗಾಡಿಯದು, ಚುನಾವಣೆಯ ಜೀಪಿನದು, ಯಾವುದರ ದನಿ ಕೆಟ್ಟರೂ ಈ ತಗಡಿನ ಬಾಗಿಲಿಗೇ ಬರುತ್ತದೆ. ದಿನಕ್ಕೆ ಐದಾರು ಸ್ಪೀಕರು. ರಂಜಾನ್ ಮತ್ತು ಗಣಪತಿ ಹಬ್ಬದ ಮುಂದೆ ಇಪ್ಪತ್ತಾದರೂ ಆಗುತ್ತದೆ. ಕೂದಲಿಗಿಂತ ಸಣ್ಣ ತಂತಿಯನ್ನು ಕಾಗದದ ಉರುಳೆಗೆ ಒತ್ತೊತ್ತಾಗಿ ಸುತ್ತಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದರೂ ದನಿ ‘ಭರ್ರ್’ ಅನ್ನುತ್ತದೆ. ಆ ಭರ್ರ್ ಓಡಿಸುವುದೇ ಇವರ ಬಾಳುವೆ. ಬೆಳಗಾಗುವ ಮೊದಲೇ ಅಂಗಡಿ ತೆಗೆಯುವುದೂ ಅದಕ್ಕೇ: ಲಾರಿಗಳ ಸದ್ದು, ಹಮಾಲರ ಕೂಗು ಏಳುವುದರೊಳಗೆ ಕೆಟ್ಟದ್ದು ಎಲ್ಲಿದೆಯೆಂದು ಕಿವಿಗೆ ಸಿಗಬೇಕು.

“ಅಬ್ಬಾ ಈ ಕೆಲಸ ಮಾಡ್ತಿದ್ರು. ಅವರ ಬೆರಳು ದಪ್ಪ, ತಂತಿ ಹರಿತಿತ್ತು. ಮನ್ಯಾಗ ಪರದೆ ಹಿಂದ ಕುಂತು ನಾನು ಸುತ್ತಿ ಕೊಡ್ತಿದ್ದೆ,” ಎನ್ನುತ್ತಾರೆ ತಾಹೇರಾ. ಹನ್ನೊಂದು ವರ್ಷ ಹಾಗೇ ನಡೆಯಿತು. ಕೆಲಸ ಮಗಳದು, ಹೆಸರು ಅಪ್ಪನದು. ಅಪ್ಪ ತೀರಿಕೊಂಡ ತಿಂಗಳಲ್ಲಿ ಹಳೆಯ ಗಿರಾಕಿಗಳು ಮಾತಾಡಿಸಲು ಬಂದಾಗ, ರಿಪೇರಿಯಾಗಿ ಸಾಲಾಗಿ ಕೂತಿದ್ದ ಸ್ಪೀಕರುಗಳನ್ನು ಕಂಡು ಬೆಚ್ಚಿದರಂತೆ. “ಒಬ್ಬರು ಎದ್ದು ಹೊರಗ ಹೋದ್ರು ನೋಡ್ರಿ. ಅಬ್ಬಾನ ರೂಹು, ಆತ್ಮ ಬಂದು ಮಾಡ್ಯಾದ ಅಂತ ತಿಳಕೊಂಡ್ರು,” ಎಂದು ನಗುತ್ತಾರೆ. ಎಡಗೈ ಹೆಬ್ಬೆರಳಿನ ತುದಿ ಸುಟ್ಟು ಸುಟ್ಟು ಈಗ ಬಿಸಿ ತಾಗುವುದೇ ಇಲ್ಲ. ಅಂಟಿನ ವಾಸನೆಗೆ ಸಂಜೆ ತಲೆ ಸಿಡಿಯುತ್ತದೆ. ಗಂಡ ಬಂದೇನವಾಜ್ ಮಾಣಿಕನಗರದ ಕಡೆ ಆಟೋ ಓಡಿಸುತ್ತಾರೆ. ಹೆಂಡತಿಯನ್ನು “ಮಿಸ್ತ್ರಿ ಸಾಹೇಬ್ರ” ಅಂತಲೇ ಕರೆಯುವುದು. ಅಂಗಡಿಗೆ ಇವತ್ತಿಗೂ ಬೋರ್ಡಿಲ್ಲ.

ಇಂಥ ಅಂಗಡಿಗೆ ಸೋಮವಾರ ಸಾಕ್ಷಿಯ ಡಬ್ಬಿ ಬಂದಿತ್ತು. ಸೊಲ್ಲಾಪುರದ ಸಂತೆಯಲ್ಲಿ ಒಂಬೈನೂರಕ್ಕೆ ಕೊಂಡದ್ದು, ಕಾಲಿನಿಂದ ಒತ್ತುವ ಗುಂಡಿ ಸತ್ತುಹೋಗಿತ್ತು. ತಾಹೇರಾ ಗುಂಡಿ ಬದಲಿಸಿದರು. ಬಳಿಕ ತಮ್ಮ ರೂಢಿಯಂತೆ ರೇಡಿಯೋದ ತಂತಿಯನ್ನು ಅದರ ಮೂಲಕ ಹಾಯಿಸಿ ಕೇಳಿದರು. ವಾರ್ತೆ ಓದುವ ಹೆಣ್ಣುಮಗಳ ದನಿ ಗೋಣಿಚೀಲ ಹರಿದ ಹಾಗೆ ಬಂತು. ಪಾಪ, ಹುಡುಗಿಗೆ ಯಾರೋ ಹಾಳಾದ ಮಾಲು ಕಟ್ಟಿದ್ದಾರೆ ಅಂದುಕೊಂಡು ಎರಡು ದಿನ ಬೆನ್ನು ಬಗ್ಗಿಸಿ ಹುಡುಕಿ, ದನಿ ಹರಿಯುತ್ತಿದ್ದ ಎರಡು ಪುಟ್ಟ ಬಿಡಿಭಾಗ ಕಿತ್ತು ಬಿಸಾಕಿದರು. ವಾರ್ತೆ ಸ್ಫಟಿಕದಂತೆ ಕೇಳಿತು. ಅಷ್ಟು ಕಷ್ಟಪಟ್ಟದ್ದಕ್ಕೆ ಬೇರೆ ದುಡ್ಡೂ ಕೇಳಲಿಲ್ಲ.

“ಆಪಾ, ಅದು ಡಿಸ್ಟಾರ್ಷನ್ ಪೆಡಲ್ ಅದರಿ. ಹರದ ಆವಾಜ್ ಬರ್ಲಿ ಅಂತಾನೇ ಅದನ್ನ ಮಾಡಿರ್ತಾರ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವ ಇಡೂದು, ಕಾಲಿಲೆ ಒತ್ತಿದ್ರ ಆವಾಜ್ ಹರಿಬೇಕು.”

ತಾಹೇರಾ ಅಂಟಿನ ಕಡ್ಡಿ ಕೆಳಗಿಡುತ್ತಾರೆ.

“ಹರದ ಆವಾಜಿಗಿ ಮಂದಿ ರೊಕ್ಕ ಕೊಡ್ತಾರ?”

“ಹೊಸಾದಕ್ಕ ಎಂಟ ಸಾವಿರ, ಹತ್ತ ಸಾವಿರ ಅದರಿ.”

“ಯಾ ಅಲ್ಲಾಹ್!” ಎನ್ನುತ್ತಾರೆ. ಗೋಡೆಗೆ ಒರಗಿಸಿಟ್ಟ ಭೋಂಗಾಗಳನ್ನು ನೋಡುತ್ತಾರೆ. “ನಾ ಮೂವತ್ತು ವರ್ಷ ಅದನ್ನೇ ಕಸದಾಗ ಹಾಕಾಕತ್ತೇನಲ್ಲ!”

ಸಾಕ್ಷಿಗೂ ನಗು ಬರುತ್ತದೆ. ಆದರೆ ಮರುಗಳಿಗೆಯೇ ಕಣ್ಣು ತುಂಬುತ್ತದೆ. ಬಸವಕಲ್ಯಾಣದಲ್ಲಿ ಗುರುಶಾಂತ ಎಂಬವರ ಆರ್ಕೆಸ್ಟ್ರಾ ಇದೆ. ಸುತ್ತಿನ ಮದುವೆಗಳಿಗೆಲ್ಲ ಅವರದೇ ವಾದ್ಯ. ಸಾಕ್ಷಿ ಮೊಬೈಲಿನಲ್ಲಿ ನೋಡಿ ನೋಡಿ ಗಿಟಾರು ಕಲಿತವಳು. ಆ ಆರ್ಕೆಸ್ಟ್ರಾ ಸೇರಬೇಕೆಂದು ಎರಡು ಸಲ ಅವರೆದುರು ನುಡಿಸಿದ್ದಾಳೆ. ಎರಡೂ ಸಲ ಡ್ರಮ್ಮು, ಕೀಬೋರ್ಡಿನ ಅಬ್ಬರದಲ್ಲಿ ಮುಳುಗಿದ್ದಾಳೆ. “ನಿನ್ನ ಕೈ ಆಡೂದು ಕಾಣಸ್ತದವ್ವಾ, ಆವಾಜ್ ಕೇಳಸೂದಿಲ್ಲ. ಬರೂ ಐತವಾರ ಕಡೀ ಸಲ ನೋಡ್ತೀನಿ,” ಅಂದಿದ್ದಾರೆ ಗುರುಶಾಂತ. ಡ್ರಮ್ಮಿನ ಅಬ್ಬರ ಸೀಳಲೆಂದೇ ಈ ಡಬ್ಬಿ ಕೊಂಡದ್ದು. ಇವತ್ತು ಗುರುವಾರ, ಭಾನುವಾರಕ್ಕೆ ಮೂರೇ ದಿನ.

ತಾಹೇರಾ ಡಬ್ಬಿ ಬಿಚ್ಚಿ ದೀಪದ ಕೆಳಗೆ ಹಿಡಿಯುತ್ತಾರೆ. ಕಿತ್ತ ಜಾಗದಲ್ಲಿ ತಾಮ್ರದ ಗೆರೆಯೂ ಎದ್ದು ಹೋಗಿದೆ. ಮರಳಿ ಬೆಸೆಯಲು ಹಿಡಿತವಿಲ್ಲ. ಮೂರು ಸಲ ಪ್ರಯತ್ನಿಸಿ ಕೈಚೆಲ್ಲುತ್ತಾರೆ.

“ಕೆಡಿಸಿದಾಕಿ ನಾನು. ಇನ್ನೊಂದು ನಾನೇ ಕೊಡಸ್ತೀನಿ. ಎಲ್ಲಿ ಸಿಗ್ತದ ಹೇಳು,” ಅನ್ನುತ್ತಾರೆ.

“ಬ್ಯಾಡ್ರಿ ಆಪಾ.”

“ಬ್ಯಾಡ ಅನಬ್ಯಾಡ. ನನ್ನ ಕೈಯಾಗಿಂದ ಹೋದ ಮಾಲು ಇವತ್ತಿನ ತನಕ ವಾಪಸ್ ಬಂದಿಲ್ಲ.”

ಶನಿವಾರ ಮಧ್ಯಾಹ್ನ ಬಂದೇನವಾಜ್ ಅವರ ಆಟೋ ಬಸವಕಲ್ಯಾಣದ ಬಸ್ ನಿಲ್ದಾಣದ ಎದುರು, ವೈಜನಾಥರ ವಾದ್ಯಗಳ ಅಂಗಡಿ ಮುಂದೆ ನಿಲ್ಲುತ್ತದೆ. ಹಾರ್ಮೋನಿಯಂ, ತಬಲಾಗಳ ನಡುವೆ ಒಂದು ಗಾಜಿನ ಕಪಾಟಿನಲ್ಲಿ ಹಳೆಯ ಪೆಡಲುಗಳು ಮೂರು ಇವೆ. ವೈಜನಾಥ ಮಿಂಚುವ ಕೆಂಪನೆಯದನ್ನು ಮುಂದಿಟ್ಟು, ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, “ಈಗ ಬಾರಸವ್ವಾ, ಶಾಂತ ಇದ್ದಾಗ ಕೇಳ್ಬೇಕು” ಅನ್ನುತ್ತಾರೆ. ಸಾಕ್ಷಿ ತಂತಿ ಮೀಟುತ್ತಾಳೆ. ಅಂಗಡಿಯೇ ಗುಡುಗಿದಂತಾಗುತ್ತದೆ, ಕಪಾಟಿನ ಗಾಜು ಅದುರುತ್ತದೆ. ಮೂರೂವರೆ ಸಾವಿರ ಹೇಳುತ್ತಾರೆ ವೈಜನಾಥ. ಸಾಕ್ಷಿಯ ಮುಖದಲ್ಲಿ ಆಗಲೇ ಹಬ್ಬ.

ತಾಹೇರಾ ಅಡ್ಡಡ್ಡ ತಲೆ ಆಡಿಸುತ್ತಾರೆ. ಮೂರನ್ನೂ ಒಂದೊಂದಾಗಿ ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ, ಒಳಗೆ ಏನಾದರೂ ಕಳಚಿ ಬಿದ್ದಿದೆಯೇ ಎಂದು. ಒತ್ತುವ ಗುಂಡಿಯನ್ನು ಒಂದೇ ಸಮನೆ ಮೂವತ್ತು ನಲವತ್ತು ಸಲ ಒತ್ತುತ್ತಾರೆ. ತಂತಿ ಚುಚ್ಚುವ ತೂತುಗಳನ್ನು ಹಿಡಿದು ಅಲುಗಿಸುತ್ತಾರೆ. ಕರೆಂಟಿನ ಅಡಾಪ್ಟರ್ ಜೋಡಿಸುವಲ್ಲಿ ಮೈನಸ್ ನಡುವೆಯೋ ಹೊರಗೋ ಎಂದು ಬರೆದದ್ದನ್ನು ಓದಿಸಿಕೊಳ್ಳುತ್ತಾರೆ. ಅದು ತಿರುಗುಮುರುಗಾದರೆ ಡಬ್ಬಿ ಸುಟ್ಟೇ ಹೋಗುತ್ತದಂತೆ. ಅಷ್ಟಾದ ಮೇಲೆ, “ಬಾಗಲಾ ತೆಗೀರಿ. ಫ್ಯಾನ್ ಹಚ್ಚರಿ. ಬೇಟಾ, ನಾ ಆ ಕಡಿ ಹೋಗಿ ನಿಂದರ್ತೀನಿ. ಒಂದೊಂದೇ ಬಾರಸು. ಯಾವುದು ಅಂತ ಹೇಳಬ್ಯಾಡ” ಎಂದು ರಸ್ತೆ ದಾಟಿಬಿಡುತ್ತಾರೆ.

ವೈಜನಾಥರಿಗೆ ಗಾಬರಿ. “ಎಲ್ಲಿ ಹೊಂಟ್ರು ಅವರು? ಕೇಳೂದು ಬಿಟ್ಟು!”

“ಮಿಸ್ತ್ರಿ ಸಾಹೇಬ್ರು ಹಂಗೇರಿ. ಮದುವಿ ಮಾಡ್ಕೊಳ್ಳುವಾಗ ನನ್ನ ಆವಾಜೂ ದೂರಿಂದ ಕೇಳೇ ಹೂಂ ಅಂದಾರ,” ಅನ್ನುತ್ತಾರೆ ಬಂದೇನವಾಜ್.

ರಸ್ತೆಯ ಆಚೆ ಕಬ್ಬಿನ ಹಾಲಿನ ಗಾಡಿ ಗೆಜ್ಜೆ ಕುಣಿಸುತ್ತಿದೆ. ಬಸ್ಸುಗಳು ಹಾರ್ನ್ ಹೊಡೆಯುತ್ತಿವೆ, ಕಂಡಕ್ಟರು “ಭಾಲ್ಕಿ ಭಾಲ್ಕಿ” ಎಂದು ಕೂಗುತ್ತಿದ್ದಾನೆ. ಆ ಗದ್ದಲದ ನಡುವೆ ತಾಹೇರಾ ಅಂಗಡಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಕೇಳಿದರೆ ಕೈ ಎತ್ತುವುದೆಂದು ಮಾತು.

ಸಾಕ್ಷಿ ಮೊದಲು ಕೆಂಪನೆಯದಕ್ಕೇ ಕಾಲಿಡುತ್ತಾಳೆ. ಅಂಗಡಿಯೊಳಗೆ ಗುಡುಗು. ಆಚೆ ಕೈ ಏಳುವುದಿಲ್ಲ. ಇನ್ನೂ ಜೋರಾಗಿ ಬಾರಿಸುತ್ತಾಳೆ. ಏಳುವುದಿಲ್ಲ. ತಾಹೇರಾ ತಿರುಗಿ ಕೂಗುತ್ತಾರೆ: “ಬಾರಸಾಕತ್ತೀಯೋ, ನಿದ್ದಿ ಹೊಡ್ಯಾಕತ್ತೀಯೋ?”

ಎರಡನೆಯದಕ್ಕೆ ಕೈ ಎದೆಯ ಮಟ್ಟಕ್ಕೆ ಬಂದು ಇಳಿಯುತ್ತದೆ. ಮೂರನೆಯದು ಬಣ್ಣ ಹೋದ ಹಳದಿ ಡಬ್ಬಿ, ಮೂಲೆ ತಗ್ಗಾಗಿದೆ. ಅಂಗಡಿಯೊಳಗೆ ಕೇಳಿದರೆ ಯಾರೋ ಮೂಗಿನಿಂದ ಹಾಡಿದ ಹಾಗೆ. ಸಾಕ್ಷಿ ಒಲ್ಲದ ಮನಸ್ಸಿನಿಂದ ಒಂದು ಸಲ ಮೀಟುತ್ತಾಳೆ. ಬಸ್ಸಿನ ಹಾರ್ನಿನ ಮೇಲೇ ತಾಹೇರಾರ ಕೈ ನೆಟ್ಟಗೆ ಆಕಾಶಕ್ಕೆ ಏಳುತ್ತದೆ.

ತಾಹೇರಾ ಮರಳಿ ಬರುವಾಗ ವೈಜನಾಥ ಬಾಯಿ ತೆರೆದು ನಿಂತಿದ್ದಾರೆ. ಇಷ್ಟು ವರ್ಷ ಬಾಗಿಲು ಮುಚ್ಚಿಯೇ ಮಾಲು ಮಾರಿದ ಮನುಷ್ಯ. “ಆಪಾ, ಅದು ಸಾವಿರದ ನೂರರದ್ದು ಅದರಿ! ಅದನ್ನ ಯಾರೂ ಮುಟ್ಟಂಗಿಲ್ಲ!”

“ಭೋಂಗಾದಾಗ ಗುಡುಗು ಇರ್ತದೇನ್ರಿ? ಇಲ್ಲ. ನಡುವಿನ ದನಿ ಅಷ್ಟೇ ಇರ್ತದ. ಅದಕ್ಕೇ ಎರಡು ಹೊಲ ದಾಟಿ ಕೇಳಸ್ತದ. ನಿಮ್ಮ ಕೆಂಪಂದು ಬುಡಕ್ಕ ಗುಡುಗತದ, ಮ್ಯಾಲ ಚುಚ್ಚತದ, ನಡುವ ಖಾಲಿ. ಕೋಣ್ಯಾಗ ಕುಂತವರಿಗಿ ಭಾಳ ಛಲೋ. ಮದುವಿ ಮಂಟಪದಾಗ ಮುಣಗಿ ಹೋಗ್ತದ.” ಆಮೇಲೆ ಸಾಕ್ಷಿಯ ಕಡೆ ತಿರುಗಿ, ದನಿ ಎಷ್ಟು ಹರಿಯಬೇಕೆಂದು ತಿರುಗಿಸುವ ಗುಂಡಿಯನ್ನು ಅರ್ಧಕ್ಕೆ ಇಳಿಸುತ್ತಾರೆ. “ಅಗದೀ ಚಿಂದಿ ಮಾಡಬ್ಯಾಡ ಬೇಟಾ. ಚಿಂದಿ ಆದ ಅರಬಿ ಸೀರಿಯೋ ಧೋತ್ರಾನೋ ಅಂತ ಯಾರಿಗಿ ಗೊತ್ತಾಗ್ತದ?”

ಕಮ್ಮಿ ಹರಿದರೆ ಹೆಚ್ಚು ಕೇಳುತ್ತದೆ ಎಂಬುದನ್ನು ಸಾಕ್ಷಿ ನಂಬಲಾರಳು. ತಾನೇ ರಸ್ತೆ ದಾಟಿ ನಿಂತು, ವೈಜನಾಥರಿಗೆ ಬಾರಿಸಲು ಹೇಳಿ ಕೇಳಿದ ಮೇಲೆ ಬಂದು ಹಳದಿ ಡಬ್ಬಿ ಎತ್ತಿಕೊಳ್ಳುತ್ತಾಳೆ.

ಭಾನುವಾರ ಸಂಜೆ ಮದುವೆ ಮಂಟಪವೊಂದರಲ್ಲಿ ಗುರುಶಾಂತರ ಆರ್ಕೆಸ್ಟ್ರಾದ ತಾಲೀಮು. ಹಿಂದಿನ ಸಾಲಿನಲ್ಲಿ ತಾಹೇರಾ ಕೂತಿದ್ದಾರೆ, ಮಡಿಲಲ್ಲಿ ಕೈ ಹೆಣೆದುಕೊಂಡು. ಡ್ರಮ್ಮು ಶುರುವಾಗುತ್ತದೆ, ಕೀಬೋರ್ಡು ಏರುತ್ತದೆ. ಸಾಕ್ಷಿ ಹಳದಿ ಡಬ್ಬಿಯ ಮೇಲೆ ಕಾಲಿಟ್ಟದ್ದೇ ತಡ, ಹರಿದ ದನಿಯೊಂದು ಎಲ್ಲವನ್ನೂ ಸೀಳಿಕೊಂಡು ಎದ್ದು ಬರುತ್ತದೆ. ಸೌಂಡ್ ಮಿಕ್ಸರಿನ ಮುಂದೆ ಕೂತಿದ್ದ ಸೋಹೇಲ ಹೌಹಾರಿ, “ಸ್ಪೀಕರ್ ಫಟ್ ಗಯಾ!” ಎಂದು ಹಾರಿ ಗಿಟಾರಿನಿಂದ ಬಂದ ವೈರನ್ನೇ ಕಿತ್ತುಬಿಡುತ್ತಾನೆ. ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಗುರುಶಾಂತ ಹಣೆಗೆ ಕೈ ಹಚ್ಚುತ್ತಾರೆ. ಸಾಕ್ಷಿ ಡಬ್ಬಿಯ ಮೇಲಿನ ಕಾಲು ಹಿಂದೆಳೆಯುತ್ತಾಳೆ.

“ಹರದಿಲ್ಲೋ!” ಹಿಂದಿನ ಸಾಲಿನಿಂದ ಕೂಗು. “ಅದು ಹಂಗೇ ಇರ್ಬೇಕು! ಹಚ್ಚು ಅದನ್ನ!”

ಎಲ್ಲರೂ ತಿರುಗಿ ನೋಡುತ್ತಾರೆ. ತಾಹೇರಾ ಎದ್ದು ನಿಂತಿದ್ದಾರೆ. ಆ ಮಂಟಪದ ನಾಲ್ಕೂ ಸ್ಪೀಕರುಗಳ ತಂತಿ ಸುತ್ತಿದ ಕೈ ಅವರದು, ಗುರುಶಾಂತರಿಗೆ ಗೊತ್ತು.

“ಆಪಾ, ಹರದ ಆವಾಜ್ ಇರ್ಲಿ ಅಂತ ನೀವು ಹೇಳಾಕತ್ತೀರೇನ್ರಿ?”

“ಹೂಂ, ನಾನೇ ಹೇಳಾಕತ್ತೇನಿ ಗುರುಶಾಂತಣ್ಣ. ಸ್ಪೀಕರ್ ಕೆಟ್ಟಿದ್ರ ನಾಳೆ ಮುಫತ್ ಸುತ್ತಿ ಕೊಡ್ತೀನಿ. ಮೊದಲಿಂದ ಬಾರಸ್ಲಿ.”

ಸೋಹೇಲ ಅನುಮಾನದಿಂದಲೇ ವೈರು ಚುಚ್ಚುತ್ತಾನೆ. ಸಾಕ್ಷಿ ಮೊದಲಿನಿಂದ ಬಾರಿಸುತ್ತಾಳೆ. ಹಾಡು ಮುಗಿಯುವ ತನಕ ಯಾರೂ ಅವಳ ವೈರನ್ನು ಮುಟ್ಟುವುದಿಲ್ಲ. ಮುಗಿದ ಮೇಲೆ ಗುರುಶಾಂತ ಕಿವಿಯಲ್ಲಿ ಬೆರಳು ಆಡಿಸಿಕೊಳ್ಳುತ್ತಾ, “ಹನ್ನೆರಡನೇ ತಾರೀಖಿಗಿ ರಾಜೇಶ್ವರದಾಗ ಮದುವಿ ಅದವ್ವಾ. ನಾಕಕ್ಕ ಗಾಡಿ ಬಿಡ್ತದ, ತಡ ಮಾಡಬ್ಯಾಡ” ಅನ್ನುತ್ತಾರೆ. ಸಾಕ್ಷಿ ಗಿಟಾರಿನ ಸಮೇತ ಓಡಿ ಬಂದು ತಾಹೇರಾರನ್ನು ತಬ್ಬಿಕೊಳ್ಳುತ್ತಾಳೆ. ಗಿಟಾರಿನ ಕೊರಳು ಬಂದೇನವಾಜರ ಟೋಪಿಯನ್ನು ಕೆಡವುತ್ತದೆ.

ಎರಡು ದಿನದ ಮೇಲೆ ಅಂಗಡಿಯಲ್ಲಿ, ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ತಾಹೇರಾ ಕೈಯಲ್ಲಿದ್ದ ಸ್ಪೀಕರನ್ನು ಬದಿಗಿಡುತ್ತಾರೆ. “ನಮ್ಮ ಕೆಲಸದಾಗ ಟೆಸ್ಟಿಂಗಿಗಿ ಹಾಡಿನ ಎರಡು ಸಾಲು ಸಾಕರಿ. ಆವಾಜ್ ಬರೊಬ್ಬರಿ ಅದ ಅಂದ್ರ ಬಂದ್ ಮಾಡ್ತೀವಿ. ಮೂವತ್ತು ವರ್ಷದಾಗ ನಾ ಒಂದು ಹಾಡು ಪೂರ್ತಿ ಕೇಳಿದ್ದು ಮೊನ್ನೆನೇ. ಹನ್ನೆರಡನೇ ತಾರೀಖಿಗಿ ಇನ್ನೊಂದು ಕೇಳ್ಬೇಕು. ಕುರ್ಚಿ ಹಿಂದ ಇದ್ರೂ ನಡೀತದ.”

ಈ ಮಾತು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಮಾಣಿಕನಗರದ ರುಕ್ಮಿಣಿಬಾಯಿ. ಮಹಿಳೆಯರ ಭಜನಾ ಮಂಡಳಿಯ ಹಿರಿಯರು. ಹಳೇ ಸೀರೆಯಲ್ಲಿ ಸುತ್ತಿದ ಆಂಪ್ಲಿಫೈಯರನ್ನು ಎತ್ತಿ ಮೇಜಿನ ಮೇಲಿಡುತ್ತಾರೆ. “ನೋಡ್ರಿ ಆಪಾ, ಆವಾಜ್ ಭರ್ರ್ ಅಂತ ಹರ್ಯಾಕತ್ತದ.”

ತಾಹೇರಾ ಕನ್ನಡಕ ಏರಿಸಿಕೊಳ್ಳುತ್ತಾರೆ. ಮೂವತ್ತು ವರ್ಷದಲ್ಲಿ ಯಾರನ್ನೂ ಕೇಳದ ಮಾತನ್ನು ಮೊದಲ ಸಲ ಕೇಳುತ್ತಾರೆ:

“ಭರ್ರ್ ಅನ್ನೂದು ತೆಗೀಬೇಕೇನ್ರಿ, ಇಡಬೇಕೇನ್ರಿ?”

ರುಕ್ಮಿಣಿಬಾಯಿ ಒಂದು ಸಲ ತಾಹೇರಾ ಅವರ ಮುಖ ನೋಡುತ್ತಾರೆ, ಒಂದು ಸಲ ಆಂಪ್ಲಿಫೈಯರ್ ನೋಡುತ್ತಾರೆ. ಆಮೇಲೆ ಎರಡೂ ಕೈಯಿಂದ ಅದನ್ನು ಗೇಣುದ್ದ ತಮ್ಮ ಕಡೆ ಎಳೆದುಕೊಳ್ಳುತ್ತಾರೆ.