ಪಕ್ಕೆಗೆ ಅಂಟಿದ ಶ್ವಾಸಕೋಶ

ನನ್ನ ಸೋದರಮಾವನಿಗೆ ಕಸಾಯಿಖಾನೆಯಲ್ಲಿ ಬೆನ್ನು ಅಳೆಯುವ ಕೆಲಸ. ಕೊಂದು, ತೊಳೆದು, ಕೊಕ್ಕೆಗೆ ತೂಗುಹಾಕಿದ ಹಂದಿಗಳು ಸಾಲಾಗಿ ಬರುತ್ತಿದ್ದವು. ಮಾವ ಅವುಗಳ ಬೆನ್ನಿಗೆ ಸೂಜಿಯಂಥ ಉಪಕರಣ ಚುಚ್ಚಿ, ಕೊಬ್ಬೆಷ್ಟು ಮಾಂಸವೆಷ್ಟು ನೋಡಿ, ದರ್ಜೆಯ ಮುದ್ರೆ ಒತ್ತುತ್ತಿದ್ದ. ಕರುಳು, ಶ್ವಾಸಕೋಶವೆಲ್ಲ ಗೋಡೆಯ ಆಚೆಯೇ ತೆಗೆದಾಗಿರುತ್ತಿತ್ತು. ನೆಂಟರು ಎದುರಾದರೂ ಇವನು ಮೊದಲು ನೋಡುವುದು ಬೆನ್ನನ್ನೇ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಬೆನ್ನುಮಾವ ಎಂಬ ಹೆಸರೇ ಬಿದ್ದುಹೋಗಿತ್ತು.

ಹಂದಿ ಸಾಕುತ್ತಿದ್ದವಳು ನನ್ನ ಅಮ್ಮ, ಅವನ ಒಬ್ಬಳೇ ಅಕ್ಕ. ಆ ವರ್ಷ ಚಳಿಯಲ್ಲಿ ಮರಿಗಳಿಗೆ ಕೆಮ್ಮು ಹತ್ತಿತು. ಅಮ್ಮ ಔಷಧಿ ಕುಡಿಸಿ, ಒದ್ದೆ ಹುಲ್ಲು ಬದಲಿಸಿ, ಊಟ ನಿದ್ದೆ ಬಿಟ್ಟು ಅವನ್ನು ಉಳಿಸಿಕೊಂಡಳು. ಕೆಮ್ಮು ನಿಂತಿತು, ಮೈ ಮಾತ್ರ ತುಂಬಲಿಲ್ಲ.

ಅವು ಕೊಕ್ಕೆಗೇರಿದ ದಿನ ಸಾಕಣೆಯವರೆಲ್ಲ ಹೊರಗೆ ಕಾಯುತ್ತಿದ್ದರು. ಮಾವ ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವಂತೆ ಶುರುಮಾಡಿದ.

"ಅಕ್ಕ, ಹೆಣ್ಣುಹಂದಿ ತೆಳ್ಳಗಿದ್ರೆ ಒಪ್ಕೋತೀನಿ, ಅದರ ಜಾಯಮಾನವೇ ಅದು. ಬೀಜ ತೆಗೆದ ಗಂಡು ಕೊಬ್ಬಬೇಕಲ್ವಾ? ಅದಕ್ಕೂ ಬೆನ್ನಲ್ಲಿ ಏನೂ ಇಲ್ಲ. ಹೊಟ್ಟೆಗೆ ಸರಿಯಾಗಿ ಹಾಕಿಲ್ಲ ನೀನು."

"ಮರಿಯಾಗಿದ್ದಾಗ ಕೆಮ್ಮು ಬಂದಿತ್ತು ಕಣೋ."

"ಇಲ್ಲಿಗೆ ಬರೋರೆಲ್ಲ ಹೇಳೋದು ಆ ಕೆಮ್ಮಿನ ಕಥೇನೇ!"

ಜನ ಗೊಳ್ಳೆಂದು ನಕ್ಕರು. ಸ್ವಂತ ಅಕ್ಕನನ್ನೂ ಬಿಡಲಿಲ್ಲ, ಮನುಷ್ಯ ಅಂದರೆ ಇವನು ಎಂದು ಹೊಗಳಿದರು. ಹೊಗಳಿಕೆಗೆ ಮಾವ ಉಬ್ಬಿಹೋದ. ಅಮ್ಮ ತಲೆತಗ್ಗಿಸಿ ಮನೆಗೆ ನಡೆದಳು. ಮೂಕಪ್ರಾಣಿಯ ಹೊಟ್ಟೆಗೆ ಹೊಡೆದವಳು ಎಂಬ ಹೆಸರು ಹೊತ್ತು ಬೀದಿಯಲ್ಲಿ ನಡೆಯುವುದೆಂದರೆ ಏನೆಂದು ಅವಳ ಜೊತೆಗಿದ್ದ ನನಗೆ ಗೊತ್ತು.

ಅದೇ ಮಧ್ಯಾಹ್ನ ಹಂದಿಗಳ ಒಳಾಂಗ ಪರೀಕ್ಷಿಸುವ ಡಾಕ್ಟರಮ್ಮ ಮಾವನನ್ನು ಗೋಡೆಯ ಆಚೆಗೆ ಕರೆದರಂತೆ. ಅಮ್ಮನ ಹಂದಿಗಳ ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿದ್ದರಿಂದ ಕಿತ್ತು ತೆಗೆಯಬೇಕಾಗಿತ್ತು.

"ಹಳೇ ಕಾಯಿಲೆ ಇದು. ತಿಂದಿದ್ದು ಮೈಗೆ ಹತ್ತಲ್ಲ. ಇಷ್ಟಾದ್ಮೇಲೂ ಬದುಕಿವೆ ಅಂದ್ರೆ ಯಾರೋ ಜೀವ ತೇಯ್ದಿದ್ದಾರೆ."

ಮಾವ ಕುಗ್ಗಿಹೋದ. ಎಷ್ಟೋ ದಿನ ನಮ್ಮ ಬೀದಿಯತ್ತ ಸುಳಿಯಲಿಲ್ಲ. ಕೊನೆಗೆ, ಅದೇ ಜನ ಮತ್ತೆ ಸೇರಿದ ದಿನ, ಅದೇ ಬಾಗಿಲಲ್ಲಿ ನಿಂತು ತೊದಲುತ್ತಾ ಹೇಳಿದ: "ತಪ್ಪು ನಂದೇ. ಅಕ್ಕ ಸರಿಯಾಗೇ ಸಾಕಿದ್ಲು. ಬೇಕಿದ್ರೆ ಡಾಕ್ಟರಮ್ಮನ್ನ ಕೇಳಿ."

ಕೇಳಲು ಯಾರೂ ಹೋಗಲಿಲ್ಲ. "ಮನೇಲಿ ಅಕ್ಕ ಚೆನ್ನಾಗಿ ಉಗಿದಿರಬೇಕು," ಎಂದನೊಬ್ಬ. ಮತ್ತೆ ಅದೇ ನಗು. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಜೆ ಮಾವ ನಮ್ಮ ಅಡುಗೆಮನೆಗೆ ಬಂದು ಕೂತ. ಅಮ್ಮ ಬಯ್ಯಲಿಲ್ಲ. ತಟ್ಟೆ ಇಡುತ್ತಾ ಹೇಳಿದಳು: "ಅವತ್ತು ನೀನು ನನ್ನ ತಮ್ಮ ಅನ್ನೋ ಕಾರಣಕ್ಕೇ ಎಲ್ಲರೂ ನಿನ್ನ ಮಾತು ನಂಬಿದ್ರು. ಇವತ್ತು ನನ್ನ ತಮ್ಮ ಅನ್ನೋ ಕಾರಣಕ್ಕೇ ನಂಬಲಿಲ್ಲ. ಊಟ ಮಾಡು."

ಮಾವ ತಟ್ಟೆ ಮುಟ್ಟದೆ ಗೋಡೆಯತ್ತ ತಿರುಗಿ ಕೂತ. ಬೆನ್ನುಮಾವ ಎಂದು ಸದಾ ಆಡಿಕೊಳ್ಳುತ್ತಿದ್ದ ನಾನು, ಅದುರುತ್ತಿದ್ದ ಅವನ ಬೆನ್ನನ್ನು ನೋಡಲಾರದೆ ಎದ್ದು ಹೊರಗೆ ಹೋದೆ.