ಏಕಾಂತಮ್ಮನ ಅಕ್ಷತೆ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರೋ ಮುರುಗೇಶನಿಗೆ ಬಾಯಿ ಸ್ವಲ್ಪ ಜೋರು. ಕೆಲಸಗಾರ ಒಳ್ಳೆಯವನೇ, ಇಲ್ಲ ಅನ್ನಬಾರದು. ಆದರೆ ಕೆಲಸ ಮುಗಿಯೋ ಮೊದಲೇ ಅವನ ಬಾಯಿ ಊರೆಲ್ಲ ಸುತ್ತಿ ಬಂದಿರುತ್ತೆ. ತನ್ನ ಹಳೇ ಬಿಳಿ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಿ ಆಯುಧಪೂಜೆ ದಿನ ಓಡಿಸ್ತೀನಿ ಅಂತ ಹಿರಿಯೂರು, ಹೊಸದುರ್ಗದ ಗೆಳೆಯರಿಗೆಲ್ಲ ಡಂಗುರ ಸಾರಿದ್ದ.

ತಾಯಿಯಿಲ್ಲದ ಅವನನ್ನು ಸಾಕಿದ ದೊಡ್ಡಮ್ಮ ಏಕಾಂತಮ್ಮನನ್ನೂ ಬಿಡದೆ ಪಾಠ ಹೇಳಿದ್ದ. "ಇದು ಎಂಜಿನ್ನಿಗೆ ಗಾಳಿ ಒತ್ತಿ ಒತ್ತಿ ತುಂಬುತ್ತೆ ದೊಡ್ಡಮ್ಮ. ಗಾಳಿ ಜಾಸ್ತಿ ಆದಂಗೆ ಪೆಟ್ರೋಲೂ ಜಾಸ್ತಿ ಬೇಕು. ಅದಕ್ಕೇ ದೊಡ್ಡ ಇಂಜೆಕ್ಟರು, ದೊಡ್ಡ ಪಂಪು."

"ಮುದ್ದೆ ದೊಡ್ಡದಾದ್ರೆ ಸಾರೂ ಜಾಸ್ತಿ ಬೇಕು ಅನ್ನು," ಅಂದಿದ್ದಳು ಅವಳು.

ತರಿಸಿದ್ದೆಲ್ಲಾ ಬಂತು, ದೊಡ್ಡ ಪಂಪ್ ಒಂದು ಬರಲಿಲ್ಲ. ಆಯುಧಪೂಜೆ ಬಂದೇಬಿಟ್ಟಿತು. ಗೆಳೆಯರೆಲ್ಲ ಬಂದು ನಿಂತಿದ್ದಾರೆ. ಇವತ್ತಾಗಲ್ಲ ಅನ್ನೋಕೆ ಇವನ ನಾಲಿಗೆ ಹೊರಳಬೇಕಲ್ಲ! ಹಳೇ ಪಂಪಿನಲ್ಲೇ ಒಂದು ರೌಂಡ್ ಹೊಡೆದರಾಯ್ತು ಅಂದುಕೊಂಡ, ಯಾರಿಗೂ ಹೇಳಲಿಲ್ಲ.

ಏಕಾಂತಮ್ಮ ಎಳೇ ವಯಸ್ಸಿಗೇ ಗಂಡನ್ನ ಕಳಕೊಂಡವಳು. ಶುಭಕಾರ್ಯ ಅಂದರೆ ಬಾಗಿಲ ಹಿಂದೆ ನಿಲ್ಲೋದು ಅವಳ ರೂಢಿ. ಅವತ್ತು ಮುರುಗೇಶನೇ ಕೈ ಹಿಡಿದು ಮುಂದಕ್ಕೆ ಎಳಕೊಂಡು ಬಂದ. "ಮೊದಲನೇ ಅಕ್ಷತೆ ನಿಂದೇ. ಈ ಮಿಷನ್ ಮೇಲೆ ಹಾಕು." ಬಾನೆಟ್ ತೆರೆದಿತ್ತು, ಗಾಳಿ ಎಳಕೊಳ್ಳೋ ಪೈಪಿನ ಬಾಯಿಗೆ ಫಿಲ್ಟರ್ ಇನ್ನೂ ಹಾಕಿರಲಿಲ್ಲ. ಮುದುಕಿ ಅಕ್ಷತೆ ಹಿಡಿದ ಕೈ ಎತ್ತಿದಳು, ಕಣ್ಣು ಮುಚ್ಚಿದಳು, ಹಿಂದೆ ಸರಿದಳು.

ನಿಂಬೆಹಣ್ಣು ತುಳಿದು ಹೊರಟ ಕಾರು ಹೆದ್ದಾರಿ ಸೇರಿ ಕೂಗಿದ್ದೇ ಕೂಗಿದ್ದು, ಆಮೇಲೆ ಢಬ್ ಅಂತು. ಹೊಗೆಯೋ ಹೊಗೆ. ಹಗ್ಗ ಕಟ್ಟಿ ಗ್ಯಾರೇಜಿಗೆ ಎಳಕೊಂಡು ಬಂದರು. "ಏನಾಯ್ತಲೇ ಮುರುಗೇಶ?" ಅಂತ ಹಿರಿಯೂರಿನ ಕನಕರಾಜ್ ಕಿಸಕ್ಕನೆ ನಕ್ಕ. ಅಷ್ಟೇ ಸಾಕಾಯ್ತು.

"ಇನ್ನೇನಾಗುತ್ತೆ! ಈಯಮ್ಮ ಪೈಪಿನೊಳಗೆ ಅಕ್ಕಿ ಸುರಿದವಳೆ. ಇವಳ ಕೈ ಸೋಕಿದ್ದು ಯಾವುದು ಉದ್ಧಾರ ಆಗೈತೆ!"

ಥೂ, ಎಂಥ ಮಾತು! ಏಕಾಂತಮ್ಮ ಕೈಲಿದ್ದ ಆರತಿ ತಟ್ಟೆ ಕೆಳಗಿಟ್ಟು ಮನೆಗೆ ಹೋದಳು.

ಹಬ್ಬ ಕಳೆದ ಮೇಲೆ ಎಂಜಿನ್ ಬಿಚ್ಚಿದ. ಹುಡುಕಿದರೂ ಒಂದು ಕಾಳು ಅಕ್ಕಿ ಇಲ್ಲ. ಪೆಟ್ರೋಲ್ ಸಾಲದೆ, ಕಾದು ಕಾದು, ಪಿಸ್ಟನ್ ತಲೆ ಕರಗಿ ತೂತಾಗಿತ್ತು. ಮುರುಗೇಶನಿಗೆ ನಾಚಿಕೆಯಿಂದ ಕಿವಿ ಉರಿಯಿತು. ಊಟಕ್ಕೆ ಮನೆಗೆ ಹೋಗೋಕೂ ಮುಖವಿಲ್ಲ. ದಿನಾ ಬೆಳಿಗ್ಗೆ ಗ್ಯಾರೇಜಿನ ಬೀಗದಕೈ ಅವನ ಕೈಗೆ ಕೊಡುತ್ತಿದ್ದ ಏಕಾಂತಮ್ಮ ಈಗ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಕೊನೆಗೊಂದು ದಿನ ಅಡುಗೆಮನೆಯಲ್ಲಿ ಅವಳೆದುರು ಕೂತ. "ತಪ್ಪು ನಂದು ದೊಡ್ಡಮ್ಮ. ಪಂಪ್ ಹಳೇದೇ ಇತ್ತು. ಗೊತ್ತಿದ್ದೇ ಓಡಿಸ್ದೆ. ನಿನ್ನ ಅಕ್ಷತೆಯಿಂದ ಏನೂ ಆಗಿಲ್ಲ."

"ಸಾರು ಸಾಲ್ಲಿಲ್ವಾ?" ಅಂದಳು. ಎದ್ದು ಹೋಗಿ ದೇವರ ಗೂಡಿನಿಂದ ಒಂದು ಪುಟ್ಟ ಡಬ್ಬಿ ತಂದು ತೆರೆದಳು. ಒಳಗೆ ಅರಿಶಿನದ ಅಕ್ಕಿ. "ನಾನು ಅವತ್ತು ಹಾಕ್ಲೇ ಇಲ್ಲ ಕಣಪ್ಪ. ಧೈರ್ಯ ಬರ್ಲಿಲ್ಲ. ಮುಷ್ಟೀಲೇ ಇಟ್ಕಂಡೆ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಅಷ್ಟು ಜನದ ಮುಂದೆ ನಿನ್ನ ಸುಳ್ಳುಗಾರ ಮಾಡಾದಾ?"

ಮುರುಗೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ, "ನನ್ನ ತಲೆ ಮೇಲಾದ್ರೂ ಹಾಕು," ಅಂದ.

ಏಕಾಂತಮ್ಮ ಡಬ್ಬಿ ಮುಚ್ಚಿದಳು. "ಇದು ಗಾಡೀಗೆ ಅಂತ ತಗಂಡಿದ್ದು. ಗಾಡಿ ರೆಡಿ ಆದ ದಿನ ಹಾಕ್ತೀನಿ. ಅವತ್ತು ಇದ್ದೋರ್ನೆಲ್ಲ ಕರಿ. ಈಗ ನನಗೆ ಹೇಳಿದ್ಯಲ್ಲ, ಅದನ್ನ ಅವರ ಮುಂದೆ ಹೇಳು."

ಅಡುಗೆಮನೆಯಲ್ಲೇ ಮುಗಿದುಹೋಗುತ್ತೆ ಅಂದುಕೊಂಡಿದ್ದ ಮುರುಗೇಶ. ಅಷ್ಟು ಜೋರು ಬಾಯಿ, ಒಂದು 'ಹೂಂ' ಅನ್ನೋಕೆ ಎಷ್ಟು ಹೊತ್ತು ತಗಂತು ಅಂತೀರಿ!