ದೇವಡಿ ಎಂದರೆ ಎಷ್ಟು ದೊಡ್ಡದು?

ಕಳೆದ ವಾರ ಹೈದರಾಬಾದಿನ ನಾಚಾರಂನ ಹೊಸ ಫ್ಲ್ಯಾಟಿಗೆ ಬಂದೆವು. ಗೇಟಿನ ಮೇಲೆ ಬಂಗಾರದ ಬಣ್ಣದಲ್ಲಿ ‘ಮ್ಯಾನ್ಶನ್’ ಎಂದು ಬರೆದಿದೆ. (ನಮ್ಮ ಪಾಲಿನ ಮ್ಯಾನ್ಶನ್ ಎಂದರೆ ಎರಡು ಬೆಡ್‌ರೂಮು, ವಾಷಿಂಗ್ ಮಷೀನು ಕೂತಿರುವ ಒಂದು ಬಾಲ್ಕನಿ.)

ಮರುದಿನ ಬೆಳಿಗ್ಗೆ ಅರಿಶಿನ–ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಹೋದ ಅವ್ವ ಅಲ್ಲೇ ನಿಂತುಬಿಟ್ಟಳು.

“ಮನಿ ಭಾಳ ಛಂದ ಐತಿ. ಹೊಸ್ತಿಲಾನ ಇಲ್ಲಲ್ಲವಾ!”

ನಿಜ. ಹಾಲ್‌ನ ಟೈಲ್ಸು ಕಾರಿಡಾರಿನವರೆಗೂ ಒಂದೇ ಸಮ. ಎಂಬತ್ತು ದಾಟಿದ ಅವ್ವ ಇನ್ನು ಪೂಜೆ ಎಲ್ಲಿ ಮಾಡಬೇಕು? ನಿಮ್ಮ ಮನೆಗಾದರೂ ಹೊಸ್ತಿಲಿದೆಯೇ, ನೋಡಿಕೊಳ್ಳಿ.

ಎದುರು ಫ್ಲ್ಯಾಟಿನ ಆಪಾ ಬಾಗಿಲು ತೆರೆದರು. ಉರ್ದು ಟೀಚರಾಗಿದ್ದು ರಿಟೈರ್ ಆದವರು, ಬಿಲ್ಡಿಂಗಿನವರಿಗೆಲ್ಲ ‘ಆಪಾ’, ಅಂದರೆ ಅಕ್ಕ. ಅವ್ವ ತನ್ನ ಹಳೇ ದಖನಿ ಉರ್ದುವಿನಲ್ಲಿ ಅವರಿಗೆ ದೂರು ಕೊಟ್ಟಳು: ದೇವಡಿಯಲ್ಲಿದ್ದಾಗ ಎಷ್ಟು ದೊಡ್ಡ ಹೊಸ್ತಿಲಿತ್ತು ಗೊತ್ತೇ?

ದೇವಡಿ! ಆ ಹೆಸರು ಬಂದರೆ ನಾನು ಇವತ್ತಿಗೂ ಮಾತು ಬದಲಿಸುತ್ತೇನೆ.

ನಮ್ಮ ಬಿಜಾಪುರದ ಕಡೆ ವಾಡೆ ಎನ್ನುವಂತೆ, ಹೈದರಾಬಾದಿನಲ್ಲಿ ನವಾಬರ ಭಾರಿ ಮನೆಗೆ ದೇವಡಿ ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಅಪ್ಪ ಅಲ್ಲಿ ಸರ್ಕಾರಿ ಗುಮಾಸ್ತ. ಹಳೇ ಊರಿನ ಒಂದು ದೇವಡಿಯಲ್ಲಿ ನಮ್ಮ ಬಾಡಿಗೆ ಸಂಸಾರ. ಒಳಗಲ್ಲ, ಹೆಬ್ಬಾಗಿಲಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ. ಹಿಂದೆ ಅಲ್ಲಿ ಪಹರೆಯವರು ಇರುತ್ತಿದ್ದರಂತೆ. ಶಾಲೆಯಲ್ಲಿ ಮಾತ್ರ ನಾನು “ನಾವಿರೋದು ದೇವಡಿಯಾಗ” ಎಂದಷ್ಟೇ ಹೇಳುತ್ತಿದ್ದೆ. ಏನು ಜಂಬ ಅಂತೀರಿ!

ಒಂದು ದಿನ ಗೆಳತಿ ವನಜಾ ಹೇಳದೆ ಕೇಳದೆ ಬಂದಳು. ಅವ್ವ ಸೆರಗು ಸಿಕ್ಕಿಸಿಕೊಂಡು ಹೆಬ್ಬಾಗಿಲ ಹೊಸ್ತಿಲು ತೊಳೆಯುತ್ತಿದ್ದಳು.

“ಅವರ್ಯಾರು?” ಎಂದಳು ವನಜಾ.

“ಕೆಲಸದಾಕಿ” ಎಂದೆ.

ಅವ್ವನಿಗೆ ಕೇಳಿಸಿತ್ತು. ಸಂಜೆ ಎಂದಿನಂತೆ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು.

ಅವ್ವನ ದೂರು ಕೇಳಿ ಆಪಾ ನಕ್ಕರು. ಉರ್ದುವಿನ ಡ್ಯೋಢಿ ಎಂದರೆ ಮೊದಲಿಗೆ ಹೊಸ್ತಿಲು, ಬಾಗಿಲ ಕಟ್ಟೆ ಎಂದೇ ಅರ್ಥವಂತೆ. ಅದೇ ಇಲ್ಲಿ ದೇವಡಿ. ಬಾಗಿಲಿನ ಹೆಸರು ಆಮೇಲೆ ಇಡೀ ಮನೆಗೆ ಹಬ್ಬಿತಂತೆ. (ಹಾಗಾದರೆ ದೇವಡಿ ನಮ್ಮದು, ನವಾಬರದು ಬರೀ ಹಿತ್ತಲು!)

ನನಗೆ ತಡೆಯಲಾಗಲಿಲ್ಲ. “ಕೇಳಿದೇನ ಅವ್ವಾ? ನಾವಿದ್ದದ್ದ ಖರೇ ದೇವಡಿ!”

“ನನಗೇನ ಹೇಳ್ತಿ? ದಿನಾ ತೊಳದಾಕಿ ನಾನ.” ಬಟ್ಟಲನ್ನು ನನ್ನ ಕೈಗಿಟ್ಟಳು. “ಆವತ್ತ ಆ ನಿನ್ನ ಗೆಳತಿಗೆ ಹೇಳಬೇಕಾಗಿತ್ತು.”

ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು! ಕಾರಿಡಾರಿನಲ್ಲಿ, ಆಪಾನ ಎದುರಿಗೇ ನಾನು ಅತ್ತುಬಿಟ್ಟೆ.

ನಾಳೆ ಬಡಗಿ ಬಂದು ಬಾಗಿಲಿಗೊಂದು ತೇಗದ ಹೊಸ್ತಿಲು ಕೂರಿಸುತ್ತಾನೆ. ತೊಳೆಯುವವಳು ನಾನು, ಕುಂಕುಮ ಇಡುವವಳು ಅವ್ವ.

ವನಜಾ, ಎಲ್ಲಿದ್ದೀಯೇ? ಬಂದು ಇನ್ನೊಮ್ಮೆ “ಅವರ್ಯಾರು?” ಎಂದು ಕೇಳುತ್ತೀಯಾ?